ಗೊಂಬೆ ಮಲಗಿಸುವ ಮೊದಲು ಒಂದು ರೋಲ್

ಕೊನೆಗೂ ನಿನ್ನೆ ಫೋಟೋ ಕೈಗೆ ಬಂತು. ಗೊಂಬೆ ಕೂರಿಸುವ ಹಿಂದಿನ ಸಂಜೆ ಶುರುವಾದ ಕೆಲಸ, ದೀಪಾವಳಿ ಕಳೆದು ಕಾರ್ತಿಕ ಬಂದ ಮೇಲೆ ಮುಗಿಯಿತು. ಹೆಚ್ಚುಕಡಿಮೆ ಆರು ವಾರ. ಮನೆಯಲ್ಲಿ ಹಳೆಯ ರೀಲ್ ಕ್ಯಾಮೆರಾ ಇದೆ, ಒಂದು ರೋಲ್ ಹಾಕಿ ನೋಡೋಣ ಅಂತ ಬೆಂಗಳೂರಿನಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ನಾನು ಕಳೆದುಕೊಂಡ ದಿನಗಳು ನಿಮಗಾದರೂ ಉಳಿಯಲಿ.

ಸೋದರಮಾವನ ಮನೆ ಹನುಮಂತನಗರದಲ್ಲಿ. ದಸರಾಕ್ಕೆ ಅಟ್ಟದಿಂದ ಗೊಂಬೆ ಟ್ರಂಕ್ ಇಳಿಸುವ ಕೆಲಸ ಪ್ರತಿ ವರ್ಷ ನನ್ನದು. ಈ ಸಲ ಪಟ್ಟದ ಗೊಂಬೆಗಳನ್ನು ಸುತ್ತಿದ್ದ ಹಳೆಯ ಪಂಚೆಯ ಕೆಳಗೆ ಒಂದು ಸಣ್ಣ ಕಪ್ಪು ಚೀಲ ಸಿಕ್ಕಿತು. ಒಳಗೆ ಒಲಿಂಪಸ್ ಮ್ಯೂ ಝೂಮ್ 105. ಸೋಪಿನ ಹಾಗೆ ದುಂಡಗಿನ ಮೈ, ಮುಂದೆ ಪಕ್ಕಕ್ಕೆ ಜಾರುವ ಮುಚ್ಚಳ.

"ಇದು ಇನ್ನೂ ಇದ್ಯಾ!" ಅಂದರು ಮಾವ. ಅವರು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಸಣ್ಣ ಯಂತ್ರ ಕಂಡರೆ ಈಗಲೂ ಕೈ ತಾನಾಗಿ ಮುಂದೆ ಹೋಗುತ್ತದೆ. ತಿರುಗಿಸಿ ತಿರುಗಿಸಿ ನೋಡಿದರು. "ಸೆಲ್ಲು ಹಾಕಿದ್ರೆ ಓಡ್ಬಹುದು ಕಣೇ ಪುಟ್ಟಿ. ಓಡಿದ್ರೆ ಈ ಸಲದ ಗೊಂಬೆ ಇದರಲ್ಲೇ ತೆಗಿ."

ಆ ಮಾತಿಗೆ ಒಂದು ಹಿನ್ನೆಲೆ ಇದೆ. ಮಾವನ ಹತ್ತಿರ ಒಂದು ಆಲ್ಬಮ್ ಇದೆ. 1998ರಿಂದ 2006ರವರೆಗೆ ವರ್ಷಕ್ಕೊಂದು ಗೊಂಬೆ ಫೋಟೋ. ಪ್ರತಿಯೊಂದರ ಹಿಂದೆ ಬಾಲ್ ಪೆನ್ನಿನಲ್ಲಿ ಇಸವಿ. ಆಮೇಲೆ ಖಾಲಿ. ನಂತರದ ವರ್ಷಗಳ ಗೊಂಬೆಗಳು ಯಾರ್ಯಾರದೋ ಫೋನುಗಳಲ್ಲಿವೆ, ಕೆಲವು ಫೋನುಗಳ ಜೊತೆಯೇ ಹೋಗಿವೆ. ನಾನು ಆಗಲಿ ಎಂದೆ. ಒಂದು ವಾರದ ಕೆಲಸ ಅಂದುಕೊಂಡಿದ್ದೆ.

ಮಾರನೆಯ ದಿನ ಪಾಡ್ಯ. ಗೊಂಬೆ ಕೂರಿಸಿ, ಊಟ ಮುಗಿಸಿ, ಮಧ್ಯಾಹ್ನ ಎಸ್.ಪಿ. ರೋಡಿಗೆ ಹೋದೆ. ಈ ಕ್ಯಾಮೆರಾಗೆ ಬೇಕಾದದ್ದು ಸಿಆರ್123ಎ ಎನ್ನುವ 3 ವೋಲ್ಟಿನ ಲೀಥಿಯಂ ಸೆಲ್. ದಪ್ಪಗೆ, ಗಿಡ್ಡಕ್ಕೆ ಇರುತ್ತದೆ. ಸೆಲ್ ಇಲ್ಲದಿದ್ದರೆ ಇಂಥ ಕ್ಯಾಮೆರಾದಲ್ಲಿ ಏನೂ ನಡೆಯುವುದಿಲ್ಲ. ಲೆನ್ಸ್ ಹೊರಗೆ ಬರುವುದು, ಝೂಮ್, ಫ್ಲ್ಯಾಶ್, ರೀಲ್ ಸುತ್ತುವುದು, ಎಲ್ಲವೂ ಅದೊಂದರ ಮೇಲೆಯೇ.

ಮೊದಲ ಅಂಗಡಿಯವರು ಅಳತೆ ನೋಡಿ ಒಂದು ಸೆಲ್ ಕೊಟ್ಟರು. ಅದು ಸರಿಯಾಗಿ ಕೂರುತ್ತಿತ್ತು ಕೂಡ. ಹಾಕುವ ಮೊದಲು ಮೇಲಿನ ಅಕ್ಷರ ಓದಿದೆ. 16340, 3.7 ವೋಲ್ಟ್, ಚಾರ್ಜ್ ಮಾಡುವಂಥದ್ದು. ಗಾತ್ರ ಒಂದೇ, ಆದರೆ ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್‌ವರೆಗೆ ಹೋಗುತ್ತದೆ. 3 ವೋಲ್ಟಿಗೆ ಮಾಡಿದ ಹಳೆಯ ಸರ್ಕ್ಯೂಟು ಸುಟ್ಟುಹೋಗಬಹುದು. ದಯವಿಟ್ಟು ಇದನ್ನು ನೆನಪಿಡಿ. ಅಂಗಡಿಯವರ ಮೇಲೆ ನನಗೆ ಬೇಸರವಿಲ್ಲ, ಟಾರ್ಚಿಗೆ ಅಂದುಕೊಂಡಿದ್ದರು. ಮೂರನೆಯ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. 280 ರೂಪಾಯಿ.

ಮನೆಗೆ ಬಂದು ಸೆಲ್ ಹಾಕಿ ಮುಚ್ಚಳ ಜಾರಿಸಿದೆ. ಕುಂಯ್ ಎಂದು ಲೆನ್ಸ್ ಹೊರಗೆ ಬಂತು. ಮಾವ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಹಿಂಬಾಗಿಲು ತೆಗೆಯುವ ಮೊದಲು ಅದರ ಮೇಲಿನ ಸಣ್ಣ ಗಾಜಿನ ಕಿಂಡಿಯಲ್ಲಿ ನೋಡಿ. ಹಳದಿಯೋ ಹಸಿರೋ ಡಬ್ಬಿ ಕಂಡರೆ ಒಳಗೆ ಹಳೆಯ ರೀಲ್ ಇದೆ ಅಂತ ಅರ್ಥ. ಹಾಗಿದ್ದರೆ ತೆಗೆಯಬೇಡಿ. ಪೆನ್ನಿನ ತುದಿಯಿಂದ ಒತ್ತುವ ಒಂದು ಪುಟ್ಟ ಬಟನ್ ಇರುತ್ತದೆ, ಅದನ್ನು ಒತ್ತಿದರೆ ರೀಲ್ ಪೂರ್ತಿ ಡಬ್ಬಿಯೊಳಗೆ ಸುತ್ತಿಕೊಳ್ಳುತ್ತದೆ. ನಮ್ಮದರಲ್ಲಿ ಏನೂ ಇರಲಿಲ್ಲ. ಬಾಗಿಲು ತೆಗೆದು, ಖಾಲಿ ಕ್ಯಾಮೆರಾವನ್ನು ಕಿಟಕಿಯ ಕಡೆ ಹಿಡಿದು ಬಟನ್ ಒತ್ತಿದೆ. ಹಿಂದಿನಿಂದ ನೋಡಿದರೆ ಲೆನ್ಸಿನಲ್ಲಿ ಬೆಳಕು ಮಿಂಚಿ ಮಾಯವಾಗಬೇಕು. ಆಯಿತು. ಝೂಮ್ ಮುಂದೆ ಹಿಂದೆ ಓಡಿಸಿ ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಇಂಥ ಕ್ಯಾಮೆರಾ ಹಳೆಯದನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುವವರು ಇಷ್ಟನ್ನಾದರೂ ಅಂಗಡಿಯಲ್ಲೇ ಮಾಡಿ ನೋಡಿ. ಝೂಮ್ ಮೋಟಾರು ಹೋಗಿದ್ದರೆ ರಿಪೇರಿ ಮಾಡುವವರು ಸಿಗುವುದು ತುಂಬಾ ಕಷ್ಟ.

ಬಾಗಿಲಿನ ಕೀಲಿನ ಹತ್ತಿರ ಬೆಳಕು ಒಳಗೆ ಬರದ ಹಾಗೆ ಕಪ್ಪು ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ಅದು ಕರಗಿ ಅಂಟಂಟಾಗಿತ್ತು. ಇಯರ್ ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮಾವನೇ ಒಂದು ಗಂಟೆ ಕೂತು ಕೆರೆದರು. ಅದರ ಜಾಗಕ್ಕೆ ಸ್ವೆಟರ್ ಹೆಣೆಯುವ ಕಪ್ಪು ಉಲ್ಲನ್ ದಾರ ಹಾಕಿದೆವು. 20 ರೂಪಾಯಿ. ಇದನ್ನು ಬಿಟ್ಟುಬಿಟ್ಟರೆ ಫೋಟೋದ ಮೇಲೆ ಕೆಂಪು, ಕಿತ್ತಳೆ ಗೆರೆಗಳು ಬರುತ್ತವೆ. ನಮ್ಮ ರೋಲಿನಲ್ಲಿ ಒಂದೂ ಬರಲಿಲ್ಲ.

ಫಿಲ್ಮಿಗೆ ಆನ್‌ಲೈನ್‌ನಲ್ಲಿ ಹೇಳಿದೆ. ಕೊಡ್ಯಾಕ್ ಅಲ್ಟ್ರಾಮ್ಯಾಕ್ಸ್ 400, 36 ಫೋಟೋದ್ದು, 1,190 ರೂಪಾಯಿ. ಬೆಲೆ ಕೇಳಿ ಮಾವನಿಗೆ ಮಾತೇ ಹೊರಡಲಿಲ್ಲ. ಅವರ ಕಾಲದಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಎನ್ನುವ ಹೆಸರಿನ ಕಪ್ಪು-ಬಿಳುಪು ರೀಲ್ ಸಿಗುತ್ತಿತ್ತಂತೆ. ಆ ಕಾರ್ಖಾನೆ ಈಗ ಇಲ್ಲ. ಈ 400 ಅನ್ನುವುದು ಐಎಸ್‌ಒ, ಅಂದರೆ ಫಿಲ್ಮು ಬೆಳಕು ಹಿಡಿಯುವ ಶಕ್ತಿ; ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. 200ರ ಫಿಲ್ಮು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೂ 400 ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಬರಹದಲ್ಲಿ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಝೂಮ್ ಇರುವ ಮೊದಲ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾ (ಗುರಿ ಇಟ್ಟು ಬಟನ್ ಒತ್ತಿದರೆ ಸಾಕು ಅನ್ನುವಂಥದ್ದು) 1986ರ ಪೆಂಟಾಕ್ಸ್ ಝೂಮ್ 70. 35ರಿಂದ 70 ಎಂಎಂವರೆಗೆ ಹೋಗುತ್ತಿತ್ತು; ಈ ಅಂಕಿ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆಮೇಲೆ ಎಲ್ಲ ಕಂಪನಿಗಳೂ 90, 105, 140 ಎಂದು ಓಡಿದವು. ಆದರೆ ಕ್ಯಾಮೆರಾ ಜೇಬಿನಲ್ಲಿ ಹಿಡಿಸಬೇಕಲ್ಲ, ಅದಕ್ಕೆ ಲೆನ್ಸು ಸಣ್ಣದಾಗಿಯೇ ಉಳಿಯಿತು. ನಮ್ಮ ಕ್ಯಾಮೆರಾದ ಲೆನ್ಸಿನ ಸುತ್ತ ಬರೆದಿರುವುದನ್ನು ಓದಿ: 38-105 ಎಂಎಂ, 4.5-8.9. ಅಂದರೆ ಝೂಮ್ ಎಳೆಯದೆ 38ರಲ್ಲಿ ಎಫ್ 4.5, ಪೂರ್ತಿ ಝೂಮ್ ಎಳೆದರೆ ಎಫ್ 8.9. ಈ ಎಫ್ ಅಂಕಿ ಹೆಚ್ಚಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಆಗ ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಶ್ ಮುಟ್ಟುವ ದೂರವೂ ಅರ್ಧ ಆಗುತ್ತದೆ. ಫೋನಿನ ಹಾಗೆ ಇಲ್ಲಿ ಐಎಸ್‌ಒ ತಾನಾಗಿ ಏರುವುದಿಲ್ಲ. ಡಬ್ಬಿಯ ಮೇಲಿನ ಬೆಳ್ಳಿ ಬಣ್ಣದ ಚೌಕಗಳನ್ನು, ಅಂದರೆ ಡಿಎಕ್ಸ್ ಕೋಡನ್ನು, ಕ್ಯಾಮೆರಾ ಓದುತ್ತದೆ. ನೀವು ಹಾಕಿದ ರೀಲ್ ಎಷ್ಟೋ ಅಷ್ಟೇ, 36 ಫೋಟೋ ಮುಗಿಯುವವರೆಗೆ. 100ರ ಬದಲು 400 ಹಾಕಿದರೆ ಫ್ಲ್ಯಾಶ್ ಎರಡರಷ್ಟು ದೂರ ಮುಟ್ಟುತ್ತದೆ. ಅದಕ್ಕೇ ಝೂಮ್ ಕ್ಯಾಮೆರಾಗೆ 400.

ಇಷ್ಟೆಲ್ಲ ಈಗ ಬರೆಯುತ್ತಿದ್ದೇನೆ. ಫೋಟೋ ತೆಗೆಯುವಾಗ 400 ಹಾಕಬೇಕು ಅನ್ನುವುದು ಮಾತ್ರ ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ.

ಫಿಲ್ಮ್ ಬಂದದ್ದು ಸಪ್ತಮಿಯ ದಿನ. ಸರಸ್ವತಿ ಪೂಜೆ ಮುಗಿಸಿ ರೀಲ್ ಹಾಕಿದೆ. ತುದಿಯನ್ನು ಗುರುತಿನವರೆಗೆ ಎಳೆದು, ಚಪ್ಪಟೆಯಾಗಿ ಕೂರಿಸಿ, ಬಾಗಿಲು ಮುಚ್ಚಿದರೆ ಮೋಟಾರು ತಾನೇ ಸುತ್ತಿಕೊಂಡು ಪರದೆಯಲ್ಲಿ 1 ತೋರಿಸಬೇಕು. ತೋರಿಸಲಿಲ್ಲ. ಎದೆ ಧಸಕ್ ಎಂದಿತು. ಭಯಪಡುವಂಥದ್ದು ಏನೂ ಅಲ್ಲ. ತುದಿ ಹಲ್ಲಿಗೆ ಸಿಕ್ಕಿರುವುದಿಲ್ಲ, ಅಷ್ಟೇ. ಬಾಗಿಲು ತೆಗೆದು, ಅರ್ಧ ಸೆಂಟಿಮೀಟರ್ ಜಾಸ್ತಿ ಎಳೆದು ಮತ್ತೆ ಹಾಕಿದೆ. 1 ಬಂತು. ಈ 1 ಬರದೆ ಯಾವ ಕಾರಣಕ್ಕೂ ಮುಂದೆ ಹೋಗಬೇಡಿ. ಎಷ್ಟೋ ಜನ 36 ಸಲ ಬಟನ್ ಒತ್ತಿ ಖಾಲಿ ರೀಲ್ ತೊಳೆಸಿರುವುದು ಇದರಿಂದಲೇ.

ಆಮೇಲಿನ ನಾಲ್ಕು ದಿನ ತುಂಬಾ ಖುಷಿಯಲ್ಲಿದ್ದೆ. ಮಾವನ ಮನೆಯಲ್ಲಿ ಏಳು ಮೆಟ್ಟಿಲು. ಮೇಲೆ ಕಳಶ, ಪಟ್ಟದ ರಾಜ ರಾಣಿ. ಕೆಳಗೆ ದಶಾವತಾರ, ಶೆಟ್ಟಿ ಶೆಟ್ಟಿತಿ, ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಕೊನೆಯ ಮೆಟ್ಟಿಲಲ್ಲಿ ರಾಗಿ ಪೈರು ಬೆಳೆಸಿದ ತಟ್ಟೆ. ಹಾಲಿನ ಆ ಕೊನೆಯಲ್ಲಿ ನಿಂತು ಪೂರ್ತಿ ಝೂಮ್ ಎಳೆದು ಪಟ್ಟದ ಗೊಂಬೆಗಳನ್ನು ತೆಗೆದೆ. ದೀಪದ ಬೆಳಕು ಚೆನ್ನಾಗಿರುತ್ತದೆ ಅಂತ ಫ್ಲ್ಯಾಶ್ ಆಫ್ ಮಾಡಿ ತೆಗೆದೆ. ಹತ್ತಿರ ಹೋಗಿ ತೆಗೆದೆ. ನವಮಿಯ ಬೆಳಿಗ್ಗೆ ಆಯುಧ ಪೂಜೆಯಲ್ಲಿ ಮಾವ ತಮ್ಮ ಹಳೆಯ ಸ್ಕ್ರೂಡ್ರೈವರ್ ಡಬ್ಬಿಗೆ ಕುಂಕುಮ ಇಡುವುದನ್ನು ತೆಗೆದೆ. ಅದಕ್ಕೂ ಮೊದಲು, ಅಷ್ಟಮಿಯ ದಿನ, ಲಾಲ್‌ಬಾಗಿಗೆ ಹೋಗಿ ಬಂದಿದ್ದೆ.

ವಿಜಯದಶಮಿಯ ರಾತ್ರಿ ಆರತಿ ಎತ್ತಿ, ಪಟ್ಟದ ಗೊಂಬೆಗಳನ್ನು ಮಲಗಿಸಿದರು. ಮಲಗಿಸಿದ ಮೇಲೆ ಮುಗಿಯಿತು, ಮತ್ತೆ ಎಬ್ಬಿಸುವುದು ಮುಂದಿನ ವರ್ಷವೇ. ಅದಕ್ಕೆ ಸ್ವಲ್ಪ ಮುಂಚೆ 36ನೆಯ ಫೋಟೋ ತೆಗೆದಿದ್ದೆ. ಕ್ಯಾಮೆರಾ ತಾನೇ ರೀಲನ್ನು ಹಿಂದಕ್ಕೆ ಸುತ್ತಿತು. ಆ ಸದ್ದು ನಿಲ್ಲುವವರೆಗೆ ಮನೆಯವರೆಲ್ಲ ಸುಮ್ನೆ ನಿಂತು ಕೇಳಿಸಿಕೊಂಡರು.

ಇಲ್ಲಿಂದ ಮುಂದೆ ಕಾಯುವ ಕಥೆ.

ನಮ್ಮ ಕಡೆಯೇ ಇರುವ ಒಂದು ಸ್ಟುಡಿಯೋದಲ್ಲಿ ರೀಲ್ ಕೊಟ್ಟೆ. "ಕಲರ್ ರೀಲಾ? ತೊಳೀತೀವಿ, ಒಂದು ವಾರ ಬಿಟ್ಟು ಬನ್ನಿ" ಅಂದರು. 300 ರೂಪಾಯಿ ಅಡ್ವಾನ್ಸ್ ತೆಗೆದುಕೊಂಡು ಒಂದು ಚೀಟಿ ಕೊಟ್ಟರು. ಅದರಲ್ಲಿ ನನ್ನ ಹೆಸರು, 1 ರೋಲ್, 300. ತಾರೀಖು ಇಲ್ಲ, ನಂಬರ್ ಇಲ್ಲ. ನಾನೂ ಕೇಳಲಿಲ್ಲ. ಒಂದು ವಾರ ಆಯಿತು. "ಇನ್ನೂ ರೋಲ್ ಸೇರಬೇಕು ಮೇಡಂ" ಅಂದರು. ಹನ್ನೊಂದನೆಯ ದಿನ ಹೋದಾಗಲೂ ಅದೇ ಮಾತು. ಹದಿನೆಂಟನೆಯ ದಿನ, ದೀಪಾವಳಿಯ ಮುಂಚೆ, ಡ್ರಾಯರ್‌ನಿಂದ ನನ್ನ ರೀಲ್ ತೆಗೆದು ಹಾಗೆಯೇ ವಾಪಸ್ ಕೊಟ್ಟರು. ಕೆಮಿಕಲ್ ಇಲ್ಲ, ಸದ್ಯಕ್ಕೆ ತರಿಸುವುದೂ ಇಲ್ಲ ಅಂತ. ಅಡ್ವಾನ್ಸ್ ವಾಪಸ್ ಪಡೆಯಲು ಆ ಚೀಟಿಯೇ ಬೇಕಾಯಿತು. ಪುಣ್ಯಕ್ಕೆ ಪರ್ಸಿನಲ್ಲಿತ್ತು.

ಅಂಗಡಿಯ ಹೊರಗೆ ನಿಂತು ನನಗೆ ಅಳು ಬಂತು. ಹದಿನೆಂಟು ದಿನ ಹೋದದ್ದಕ್ಕಲ್ಲ. ಮಾವ ಪ್ರತಿ ಸಂಜೆ ಫೋನ್ ಮಾಡಿ "ಬಂತೇನೇ?" ಅಂತ ಕೇಳುತ್ತಿದ್ದರು. ಅವತ್ತು ಏನು ಹೇಳುವುದು ಅಂತ ಗೊತ್ತಾಗಲಿಲ್ಲ.

ಆಮೇಲೆ ವಿಚಾರಿಸಿದಾಗ ಕಾರಣ ತಿಳಿಯಿತು. ಕಲರ್ ನೆಗೆಟಿವ್ ತೊಳೆಯುವ ಕ್ರಮಕ್ಕೆ ಸಿ-41 ಅನ್ನುತ್ತಾರೆ. ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಅದರಲ್ಲಿ ಫಿಲ್ಮ್ ಇರಬೇಕಾದದ್ದು 3 ನಿಮಿಷ 15 ಸೆಕೆಂಡ್. ಬೆರೆಸಿಟ್ಟ ಕೆಮಿಕಲ್ ಬಹಳ ದಿನ ಇಟ್ಟರೆ ಕೆಡುತ್ತದೆ. ದಿನಕ್ಕೆ ಹತ್ತು ರೀಲ್ ಬರುವ ಕಡೆ ಇದು ಸುಲಭ. ತಿಂಗಳಿಗೆ ಹತ್ತು ಬರುವ ಅಂಗಡಿಗೆ ನಷ್ಟ. ಹಾಗಾಗಿ ರೀಲ್ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ತೊಳೆಯೋದು ಇಲ್ಲೇನಾ, ವಾರಕ್ಕೆ ಎಷ್ಟು ಸಲ?" ನೇರ ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಎರಡನೆಯ ಲ್ಯಾಬ್ ಎಂ.ಜಿ. ರೋಡ್ ಕಡೆ. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಇಲ್ಲಿ ನಾನು ಯೋಚಿಸದೇ ಇದ್ದ ಇನ್ನೊಂದು ತೊಡಕು ಬಂತು. ಮೆಟ್ರೋ ಬಾಗಿಲಲ್ಲಿ ಬ್ಯಾಗ್ ಎಕ್ಸ್‌ರೇ ಮೆಷಿನ್ನಿಗೆ ಹೋಗುತ್ತದೆ ಅಲ್ವಾ? ತೊಳೆಯದ ಫಿಲ್ಮಿಗೆ ಎಕ್ಸ್‌ರೇ ಒಳ್ಳೆಯದಲ್ಲ. ರೀಲನ್ನು ಒಂದು ಪಾರದರ್ಶಕ ಕವರಿನಲ್ಲಿ ಹಾಕಿ ಕೈಯಲ್ಲಿ ಹಿಡಿದಿದ್ದೆ. "ಅಣ್ಣಾ, ಇದು ಕ್ಯಾಮೆರಾ ರೀಲು, ಮೆಷಿನ್ನಿಗೆ ಹೋದ್ರೆ ಹಾಳಾಗ್ಬಹುದು, ಕೈಯಲ್ಲೇ ನೋಡಿ" ಅಂದೆ. ತಪಾಸಣೆಗೆ ನಿಂತಿದ್ದವರು ರೀಲಿನ ಡಬ್ಬಿಯನ್ನು ಕವರಿನಿಂದ ಹೊರಗೆ ತೆಗೆದು ನೋಡಿ, "ನಮ್ಮಪ್ಪನ ಹತ್ರ ಇತ್ತು ಇದು" ಅಂತ ನಕ್ಕು ಬಿಟ್ಟರು. ಎಲ್ಲರೂ ಬಿಡುತ್ತಾರೆ ಅಂತ ಹೇಳಲಾರೆ. ಲಾಲ್‌ಬಾಗಿಗೆ ಹೋಗಿದ್ದಾಗ ಕ್ಯಾಮೆರಾ ಬ್ಯಾಗಿನಲ್ಲೇ ಎರಡು ಸಲ ಮೆಷಿನ್ನಿನೊಳಗೆ ಹೋಗಿತ್ತು. 400ರ ಫಿಲ್ಮಿಗೆ ಅದರಿಂದ ಕಣ್ಣಿಗೆ ಕಾಣುವ ತೊಂದರೆ ಏನೂ ಆಗಿಲ್ಲ. ಆದರೆ ದಿನಾ ಓಡಾಡುವವರು ಕೇಳಿಕೊಳ್ಳುವುದೇ ಒಳ್ಳೆಯದು.

ಈ ಲ್ಯಾಬಿನಲ್ಲಿ ಒಂದು ಫಾರಂ ತುಂಬಿಸಿದರು. ಹೆಸರು, ಫೋನ್ ನಂಬರ್, ಯಾವ ಫಿಲ್ಮ್, ಸ್ಕ್ಯಾನ್ ಯಾವ ಗಾತ್ರ, ನೆಗೆಟಿವ್ ವಾಪಸ್ ಬೇಕಾ ಬೇಡವಾ. ಒಂದೇ ನಂಬರಿನ ಎರಡು ಸ್ಟಿಕ್ಕರ್ ತೆಗೆದು ಒಂದನ್ನು ರೀಲಿಗೆ, ಇನ್ನೊಂದನ್ನು ಫಾರಮ್ಮಿಗೆ ಅಂಟಿಸಿದರು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನ ಆಯಿತು. ಫಾರಮ್ಮಿನ ಫೋಟೋ ತೆಗೆದಿಟ್ಟುಕೊಂಡೆ. ನೆಗೆಟಿವ್ ಬೇಕು ಅಂತ ಗುರುತು ಮಾಡುವುದನ್ನು ಮರೆಯಬೇಡಿ. ಸ್ಕ್ಯಾನ್ ಕಳೆದುಹೋದರೆ ಮತ್ತೆ ಮಾಡಿಸಬಹುದು, ನೆಗೆಟಿವ್ ಹೋದರೆ ಹೋಯಿತು. ತೊಳೆದು ಸ್ಕ್ಯಾನ್ ಮಾಡಿದ್ದಕ್ಕೆ 600 ರೂಪಾಯಿ. ಹಬ್ಬದ ರಜೆ ಸೇರಿ ಹನ್ನೊಂದು ದಿನ.

ರಾತ್ರಿ ಒಂಬತ್ತಕ್ಕೆ ಲಿಂಕ್ ಬಂತು. ಒಬ್ಬಳೇ ನೋಡಲು ಧೈರ್ಯ ಬರಲಿಲ್ಲ, ಬೆಳಿಗ್ಗೆ ಮಾವನ ಮನೆಗೇ ಹೋಗಿ ತೆರೆದೆ.

ಒಟ್ಟು 36ರಲ್ಲಿ ಗೊಂಬೆಯವು 16. ಹಾಲಿನ ಕೊನೆಯಿಂದ ಪೂರ್ತಿ ಝೂಮ್ ಎಳೆದು ತೆಗೆದ ಐದೂ ಕತ್ತಲೆ. ಬರೀ ದೀಪದ ಎರಡು ಚುಕ್ಕಿ, ಮಸುಕಾದ ರಾಣಿಯ ಮುಖ. ಫ್ಲ್ಯಾಶ್ ಆಫ್ ಮಾಡಿದ್ದು ಆರು, ಎಲ್ಲವೂ ಅಲುಗಿವೆ. ಬೆಳಕು ಸಾಲದೆ ಶಟರ್ ತುಂಬಾ ಹೊತ್ತು ತೆರೆದಿತ್ತು, ಕೈ ಅಷ್ಟು ಹೊತ್ತು ನಿಲ್ಲುವುದಿಲ್ಲ. ಸ್ಟ್ಯಾಂಡ್ ಇಲ್ಲದೆ ಮನೆಯೊಳಗೆ ಹೀಗೆ ತೆಗೆಯಲೇಬೇಡಿ. ಹತ್ತಿರದಿಂದ ತೆಗೆದ ಮೂರರಲ್ಲಿ ರಾಜನ ಪೇಟ ಕತ್ತರಿಸಿಹೋಗಿದೆ. ನಾವು ನೋಡುವ ಕಿಂಡಿ ಲೆನ್ಸಿಗಿಂತ ಸ್ವಲ್ಪ ಮೇಲೆ ಇರುತ್ತದೆ, ಹತ್ತಿರ ಹೋದಷ್ಟೂ ಎರಡೂ ಬೇರೆ ಬೇರೆ ನೋಡುತ್ತವೆ. ಹತ್ತಿರದಿಂದ ತೆಗೆಯುವಾಗ ತಲೆಯ ಮೇಲೆ ಸಾಕಷ್ಟು ಜಾಗ ಬಿಡಿ.

ಒಂದೊಂದೇ ಮುಂದೆ ಸರಿಸುತ್ತಾ ಹೋದ ಹಾಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಗೊಂಬೆಗಳು ಟ್ರಂಕಿನಲ್ಲಿ ಮಲಗಿದ್ದವು. ಮಾವ ಏನೂ ಅನ್ನಲಿಲ್ಲ. ಕನ್ನಡಕ ಒರೆಸಿಕೊಂಡು "ಮುಂದಿನದು ತೋರ್ಸು" ಅಂದರು.

ಉಳಿದ ಎರಡು ಚೆನ್ನಾಗಿದ್ದವು. ಎರಡನ್ನೂ 38ರಲ್ಲಿಟ್ಟು, ಏಳೆಂಟು ಅಡಿ ದೂರದಿಂದ, ಫ್ಲ್ಯಾಶ್ ಹಾಕಿ ತೆಗೆದಿದ್ದೆ. ಅತ್ತೆ ಪಕ್ಕಕ್ಕೆ ಸರಿ ಅಂದದ್ದಕ್ಕೆ ಆ ಜಾಗದಲ್ಲಿ ನಿಂತಿದ್ದೆ, ಅಷ್ಟೇ. ಏಳು ಮೆಟ್ಟಿಲೂ ಬಂದಿವೆ. ಕಳಶದ ಹೊಳಪು, ಶೆಟ್ಟಿತಿಯ ಕೆಂಪು ಸೀರೆ, ರಾಗಿ ಪೈರಿನ ಹಸಿರು, ಎಲ್ಲ ಇವೆ.

ಲಾಲ್‌ಬಾಗಿನ ಹದಿಮೂರಂತೂ ಬಹುತೇಕ ಎಲ್ಲವೂ ಚೆನ್ನಾಗಿ ಬಂದಿವೆ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರವನ್ನು ದೂರದಿಂದ ಪೂರ್ತಿ ಝೂಮ್ ಎಳೆದು ತೆಗೆದಿದ್ದೆ, ಬಿಸಿಲಿತ್ತು, ಕಲ್ಲಿನ ಗೆರೆ ಕೂಡ ಕಾಣುತ್ತದೆ. ಗಾಜಿನ ಮನೆಯ ಮುಂದೆ ಕೂತಿದ್ದ ಒಂದು ಅಜ್ಜಿ, ತಾತನ ಫೋಟೋ ಮಾತ್ರ ಮಸುಕು. ಇಬ್ಬರ ನಡುವಿನ ಖಾಲಿ ಜಾಗದ ಮೇಲೆ ಫೋಕಸ್ ಹೋಗಿ, ಹಿಂದಿನ ಗಿಡ ಸ್ಪಷ್ಟವಾಗಿದೆ. ಹೀಗಿದ್ದಾಗ ಒಬ್ಬರ ಮುಖದ ಮೇಲೆ ಗುರಿ ಇಟ್ಟು ಬಟನ್ ಅರ್ಧ ಒತ್ತಿ, ಹಸಿರು ದೀಪ ನಿಂತ ಮೇಲೆ, ಬೆರಳು ಬಿಡದೆ ಕ್ಯಾಮೆರಾ ಸರಿಸಿ, ಆಮೇಲೆ ಪೂರ್ತಿ ಒತ್ತಬೇಕು. ಇನ್ನೊಂದು ಮಾತು. ಮುಚ್ಚಳ ಮುಚ್ಚಿ ತೆಗೆದರೆ ಫ್ಲ್ಯಾಶ್ ಮತ್ತೆ ಆಟೋಗೆ ಬಂದುಬಿಡುತ್ತದೆ. ಪ್ರತಿ ಸಲವೂ ನೋಡಿಕೊಳ್ಳಿ.

ಹೊರಗೆ ಬಿಸಿಲಿನಲ್ಲಿ ಝೂಮ್, ಮನೆಯೊಳಗೆ 38 ಮತ್ತು ಫ್ಲ್ಯಾಶ್. ಇಷ್ಟು ಮೊದಲೇ ಗೊತ್ತಿದ್ದರೆ ಗೊಂಬೆಯವು ಹದಿನಾರರಲ್ಲಿ ಹದಿನಾಲ್ಕು ಹಾಳಾಗುತ್ತಿರಲಿಲ್ಲ. ಮದುವೆ, ನಾಮಕರಣ, ಮನೆಯ ಹಬ್ಬ, ಇಂಥ ಮತ್ತೆ ಬಾರದ ದಿನಕ್ಕೆ ಹಳೆಯ ಕ್ಯಾಮೆರಾ ಇಟ್ಟುಕೊಳ್ಳುವವರು ಎರಡು ತಿಂಗಳು ಮುಂಚೆಯೇ ಒಂದು ರೋಲ್ ಪೂರ್ತಿ ತೆಗೆದು, ತೊಳೆಸಿ, ನೋಡಿ. ಆ ದುಡ್ಡು ಖಂಡಿತ ದಂಡವಲ್ಲ.

ಖರ್ಚಿನ ಲೆಕ್ಕ: ಸೆಲ್ 280, ದಾರ 20, ಫಿಲ್ಮ್ 1,190, ಲ್ಯಾಬ್ 600, ಒಂದು ಕಾಪಿ (ಫೋಟೋ ಪ್ರಿಂಟ್) 20. ಒಟ್ಟು 2,110. ಆಟೋ, ಮೆಟ್ರೋ ಸೇರಿಸಿಲ್ಲ. ಫೋಟೋ ಒಂದಕ್ಕೆ ಸುಮಾರು 59 ರೂಪಾಯಿ ಬಿತ್ತು. ಸೆಲ್ಲು, ದಾರ ಮುಂದಿನ ರೋಲಿಗೆ ಬೇಡ. ಆ ಮುಂದಿನ ರೋಲ್ ಆಗಲೇ ಫ್ರಿಜ್ಜಿನಲ್ಲಿದೆ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ. ಹಗಲಲ್ಲೇ ಹೋಗುತ್ತೇನೆ.

ಚೆನ್ನಾಗಿ ಬಂದ ಆ ಎರಡು ಗೊಂಬೆ ಫೋಟೋಗಳಲ್ಲಿ ಯಾವುದಕ್ಕೆ ಕಾಪಿ ಹಾಕಿಸಬೇಕು ಅನ್ನುವುದನ್ನು ಅತ್ತೆ ಆರಿಸಿದರು. ನಾಲ್ಕು-ಆರು ಇಂಚಿನ ಕಾಪಿ ನಿನ್ನೆ ತಂದುಕೊಟ್ಟೆ. ಮಾವ ಬಾಲ್ ಪೆನ್ನು ತೆಗೆದು ಹಿಂದೆ ಇಸವಿ ಬರೆದರು. ಮಸಿ ಒಣಗಲಿ ಅಂತ ಸ್ವಲ್ಪ ಹೊತ್ತು ಗಾಳಿಗೆ ಹಿಡಿದರು. ನಡುವೆ ಬಿಟ್ಟುಹೋದ ವರ್ಷಗಳಿಗೆ ಜಾಗ ಬಿಡೋಣವಾ ಮಾವ ಅಂತ ಕೇಳಿದೆ. ಬೇಡ ಅಂದು, 2006ರ ಪಕ್ಕದ ಜೇಬಿಗೇ ಸೇರಿಸಿದರು.